ನವೆಂಬರ್‌ನಲ್ಲೇ ಶುರುವಾಗುವ ಕೆಲಸ

ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ನೋಡುವುದೂ ನನ್ನ ಕೆಲಸವೆಂದು ಮೊದಲ ಆರು ವರ್ಷ ನನಗೆ ಅನ್ನಿಸಿರಲಿಲ್ಲ.

ಕಣ್ಣು ತೆರೆಸಿದವನು ಒಬ್ಬ ಹಳೆಯ ವಿದ್ಯಾರ್ಥಿ. ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿಯಲ್ಲಿ, ಮೀಸಲಾತಿ ಸೇರಿದರೆ ಸೀಟು ಸಿಗುವಂಥ ರ‍್ಯಾಂಕ್ ಪಡೆದಿದ್ದ. ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲೇ ಓದಿದವನು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ರಾಯಚೂರು ಜಿಲ್ಲೆಯವನಾದ್ದರಿಂದ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಕೂಡ ಅನ್ವಯಿಸುತ್ತಿತ್ತು. ಒಂದೂ ಅವನಿಗೆ ದಕ್ಕಲಿಲ್ಲ. ನಾಲ್ಕನೆಯ ತರಗತಿಯವರೆಗೆ ಅವನು ಅಜ್ಜಿಯ ಊರಿನಲ್ಲಿದ್ದ. ಆ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು, 371(ಜೆ)ಗೆ ಸಹಾಯಕ ಆಯುಕ್ತರ ಅರ್ಹತಾ ಪತ್ರ ಬೇಕೆಂದು ತಿಳಿದಾಗ ದಾಖಲೆ ಸಲ್ಲಿಸಲು ಮೂರೇ ದಿನ ಉಳಿದಿದ್ದವು. ಅವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಹತ್ತನೆಯ ತರಗತಿಯಲ್ಲಿದ್ದಾಗಲೇ ನಾನು ಅವನಿಗೆ ಇದನ್ನು ಹೇಳಬಹುದಿತ್ತು.

ಅಂದಿನಿಂದ ಪ್ರತಿ ನವೆಂಬರ್‌ನಲ್ಲಿ ಹತ್ತನೆಯ ತರಗತಿಯ ಪ್ರತಿಯೊಬ್ಬರಿಗೂ ಇಂಥ ಕಾಗದಗಳನ್ನು ಕೂಡಿಡಲು ಒಂದೊಂದು ಫೈಲ್ ಕೊಡುತ್ತೇನೆ. ಫಲಿತಾಂಶ ಬಂದ ಮೇಲೆ ನಾಡಕಚೇರಿಯ ಮುಂದೆ ಜನ ಸಾಲುಗಟ್ಟುತ್ತಾರೆ. ನವೆಂಬರ್‌ನಲ್ಲಿ ಅಷ್ಟು ನೂಕುನುಗ್ಗಲಿರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಿಂತ ಹೆಚ್ಚು ಕಾಡುವುದು ಹೆಸರು. ಶಾಲಾ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದರಲ್ಲಿ ಮನೆತನದ ಹೆಸರಿದ್ದರೆ ಇನ್ನೊಂದರಲ್ಲಿ ಇಲ್ಲ. ವಿದ್ಯಾರ್ಥಿವೇತನ ತಡೆಯಲು ಇಷ್ಟೇ ಸಾಕು. ಒಂದು ಶನಿವಾರ ಮಧ್ಯಾಹ್ನ ಮಕ್ಕಳೇ ಜೋಡಿಜೋಡಿಯಾಗಿ ಕುಳಿತು ಪರಸ್ಪರರ ಕಾಗದಗಳನ್ನು ಅಕ್ಷರ ಅಕ್ಷರ ಹೋಲಿಸುತ್ತಾರೆ.

ಕಾಗದದಷ್ಟೇ ಕಷ್ಟದ್ದು ಮಾತು. "ನಿನಗೆ ಏನು ಬರುತ್ತದೆ?" ಎಂದು ಕೇಳಿದರೆ ಬಹುತೇಕ ಮಕ್ಕಳು ತಲೆ ತಗ್ಗಿಸುತ್ತಾರೆ. ಒಬ್ಬ ಹುಡುಗಿ "ಏನೂ ಬರುವುದಿಲ್ಲ ಸರ್" ಎಂದಳು. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದೆ, ಅದನ್ನೇ ಹೇಳು ಎಂದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಹೊಲಕ್ಕೆ ಹೋಗಿ ಮೋಟಾರ್ ಹಾಕಿದ್ದಳಂತೆ. ಮೋಟಾರ್ ಉಲ್ಟಾ ತಿರುಗಿದರೆ? "ಮೇನ್ ತೆಗೆದು, ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಬೇಕು ಸರ್, ಅಪ್ಪ ಮಾಡುವಾಗ ನೋಡಿದ್ದೇನೆ." ಇಡೀ ತರಗತಿ ಅವಳತ್ತ ತಿರುಗಿತು. ಆ ಮಾತನ್ನೇ ಬರೆಸಿ, ಸಂದರ್ಶನದಲ್ಲಿ ಹೇಳುವಂತೆ ನಿಂತು ಹೇಳಿಸಿದೆ. ಮೂರನೆಯ ಸಲ ಅವಳ ದನಿ ನಡುಗಲಿಲ್ಲ.

ಆ ವರ್ಷ ಮಕ್ಕಳನ್ನು ಐಟಿಐಗೆ ಕರೆದುಕೊಂಡು ಹೋದೆ. ಬರೀ ತೋರಿಸಬೇಡಿ, ಕೈಗೆ ಕೊಡಿ ಎಂದು ಅಲ್ಲಿನ ಬೋಧಕರನ್ನು ಮೊದಲೇ ಕೇಳಿಕೊಂಡಿದ್ದೆ. ದಶಮಾಂಶವೆಂದರೆ ಹಿಂದೆ ಸರಿಯುತ್ತಿದ್ದ ಹುಡುಗ, ಮಿಲಿಮೀಟರಿನ ಭಾಗಗಳನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದು, ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಮತ್ತೆ ಮತ್ತೆ ಅಳೆದ. ಕರಿಹಲಗೆಯ ಮುಂದೆ ನಾನು ಕಲಿಸಲಾಗದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಅವನಿಗೆ ಹಿಡಿಸಿತು.

ಹುಡುಗಿ ಎಲೆಕ್ಟ್ರಿಷಿಯನ್ ಟ್ರೇಡ್ ಸೇರುತ್ತೇನೆ ಎಂದಾಗ ಅವಳ ತಂದೆ ಒಪ್ಪಲಿಲ್ಲ. ಭತ್ತದ ನಾಟಿ ಮುಗಿಸಿ ಸಂಜೆ ಕೆಸರುಗಾಲಿನಲ್ಲೇ ಬಂದರು. "ಐಟಿಐ ಮಾಡಿದರೆ ಓದು ಅಲ್ಲಿಗೇ ನಿಂತುಹೋಗುವುದಿಲ್ಲವೇ ಸರ್?" ಹೆಣ್ಣು ಮಗಳಿಗೆ ಕರೆಂಟಿನ ಕೆಲಸವೇ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ, ಅವರ ಚಿಂತೆ ಬೇರೆಯೇ ಆಗಿತ್ತು. ಹಲಗೆಯ ಮೇಲೆ ಬರೆದು ತೋರಿಸಿದೆ: ಎರಡು ವರ್ಷದ ಐಟಿಐ ಆದ ಮೇಲೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶಕ್ಕೆ ಅವಕಾಶವಿದೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೂ ಹೋಗಬಹುದು. ಅವರು ಬಹಳ ಹೊತ್ತು ಹಲಗೆ ನೋಡಿದರು. "ಇದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ, ಅವಳ ಅವ್ವನಿಗೂ ತೋರಿಸುತ್ತೇನೆ" ಎಂದರು. ಆ ನಕ್ಷೆಯನ್ನು ಈಗ ಎಲ್ಲರ ಫೈಲಿನಲ್ಲೂ ಮೊದಲ ಪುಟವಾಗಿ ಇಡುತ್ತೇನೆ.

ಹುಡುಗಿ ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಹೋದ ತಿಂಗಳು ಶಾಲೆಗೆ ಬಂದಿದ್ದಳು, ಒಂಬತ್ತನೆಯ ತರಗತಿಯಲ್ಲಿರುವ ತಂಗಿಯ ಆಧಾರ್ ಹಿಡಿದುಕೊಂಡು. ಇನಿಷಿಯಲ್ ತಪ್ಪಾಗಿದೆ ಸರ್, ಈಗಲೇ ಸರಿ ಮಾಡಿಸಬೇಕು ಎಂದಳು.