ಹಳೆ ಕಂಪ್ಯೂಟರ್ ಸ್ಪೀಕರ್‌ಗೆ ಮನೆಯಲ್ಲೇ ಆಂಪ್ಲಿಫೈಯರ್

ಸ್ಪೀಕರ್ ಕೆಟ್ಟಿದೆ ಅಂತ ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಎಷ್ಟೋ ಸಲ ಹೋಗಿರುವುದು ಒಳಗಿನ ಬೋರ್ಡು, ಸ್ಪೀಕರ್ ಚೆನ್ನಾಗೇ ಇರುತ್ತದೆ. ಪ್ಲಗ್ ಕಿತ್ತು, ಸ್ಪೀಕರ್ ವೈರ್ ಬಿಡಿಸಿ, ಮಲ್ಟಿಮೀಟರ್ ಅನ್ನು ಓಮ್‌ನಲ್ಲಿಟ್ಟು ಸ್ಪೀಕರ್‌ನ ಎರಡು ತುದಿಗೆ ಹಿಡಿಯಿರಿ. 4 ಓಮ್ ಸ್ಪೀಕರ್ ಸುಮಾರು 3.5 ತೋರಿಸಿದರೆ ಗಾಬರಿ ಬೇಡ, ಅದು ಸರಿಯೇ.

ಪಿಎಎಂ8403 ಅನ್ನುವ ಪುಟ್ಟ ಆಂಪ್ಲಿಫೈಯರ್ ಬೋರ್ಡ್ ತನ್ನಿ, ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದ್ದೇ ಇದೆ. ಹಳೆ ಮೊಬೈಲ್‌ನ 5 ವೋಲ್ಟ್ ಚಾರ್ಜರ್ ಸಾಕು, 4 ಓಮ್ ಸ್ಪೀಕರ್‌ಗೆ ಒಂದೊಂದು ಕಡೆ 3 ವಾಟ್‌ವರೆಗೂ ಕೊಡುತ್ತದೆ, ಒಂದು ರೂಮಿಗೆ ಅದು ಧಾರಾಳ. ಸ್ಪೀಕರ್ ಜೊತೆ ಬಂದಿದ್ದ 9 ಅಥವಾ 12 ವೋಲ್ಟ್ ಅಡಾಪ್ಟರ್ ಮಾತ್ರ ಹಾಕಲೇಬೇಡಿ, 5.5 ದಾಟಿದರೆ ಐಸಿ (ಬೋರ್ಡಿನ ಮೇಲಿನ ಚಿಪ್) ಕೆಡಬಹುದು.

ಇನ್ನು ಮುಖ್ಯ ವಿಷಯ. ಎರಡು ಸ್ಪೀಕರ್‌ಗಳ ಮೈನಸ್ ವೈರ್ ಒಟ್ಟಿಗೆ ಸೇರಿಸಬೇಡಿ, ಗ್ರೌಂಡ್‌ಗೂ ಕೊಡಬೇಡಿ. ಈ ಐಸಿಯಲ್ಲಿ ಮೈನಸ್ ಕಡೆಯಿಂದಲೂ ಸಿಗ್ನಲ್ ಬರುತ್ತದೆ. ನಾನು ಮೊದಲ ಸಲ ಹಳೆ ಅಭ್ಯಾಸದಲ್ಲಿ ಎರಡನ್ನೂ ಜೋಡಿಸಿ ಬೆಸುಗೆ ಹಾಕಿದ್ದೆ, ಬೆರಳಿಡಲು ಆಗದಷ್ಟು ಬಿಸಿಯಾಗಿ ಬೋರ್ಡೇ ಹೋಯಿತು. ಅದಕ್ಕೇ ಎಡಕ್ಕೆ ಎರಡು, ಬಲಕ್ಕೆ ಎರಡು, ಬೇರೆ ಬೇರೆ ವೈರ್ ಎಳೆಯಿರಿ.

ಸೌಂಡ್ ಜಾಸ್ತಿ ಮಾಡಿದಾಗ ಒಡೆದ ಹಾಗೆ ಕೇಳಿಸಿದರೆ ಸಪ್ಲೈ ಪ್ಲಸ್-ಮೈನಸ್ ನಡುವೆ 1000 ಮೈಕ್ರೋಫ್ಯಾರಡ್, 10 ವೋಲ್ಟ್ ಕೆಪಾಸಿಟರ್ ಹಾಕಿ ನೋಡಿ. ಪಟ್ಟಿ ಇರುವ ಕಾಲು ಮೈನಸ್‌ಗೆ. ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟ್ ಕೊಟ್ಟು ಅದರ ಆಡಿಯೋನೇ ಹಾಕಿದರೆ ಗುಂಯ್ ಅನ್ನಬಹುದು, ಆಗ ಬೇರೆ ಚಾರ್ಜರ್‌ಗೆ ಬದಲಾಯಿಸಿ ನೋಡಿ.