ಮಳೆ ರಜೆಯಲ್ಲಿ ಒಂದು ಇಂಚು ಐದು ಸೆಂಟು

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ. ಮಳೆಗಾಲದಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಇದ್ದದ್ದಕ್ಕಿಂತ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತಿದ್ದೇ ಜಾಸ್ತಿ ಅನ್ನಿಸುತ್ತದೆ. ರಾತ್ರಿ ಊಟ ಆಗುವ ಹೊತ್ತಿಗೆ ಡಿಸಿ ರಜೆ ಕೊಟ್ಟರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಬೆಳಿಗ್ಗೆ ಎದ್ದರೆ ಕರೆಂಟ್ ಇಲ್ಲ. ಮಧ್ಯಾಹ್ನಕ್ಕೆ ನೆಟ್‌ವರ್ಕೂ ಇಲ್ಲ. ಇಬ್ಬರು ಮಕ್ಕಳು, ಒಣಗದ ಬಟ್ಟೆ, ಒಂದು ನಾಯಿ, ಎಲ್ಲ ಒಳಗೇ.

ದೊಡ್ಡವನು ಯುಕೆಜಿಯಲ್ಲಿದ್ದಾಗ ನಾನೂ ಎಲ್ಲರ ಹಾಗೆ ಆನ್‌ಲೈನ್‌ನಲ್ಲಿ ಫ್ಲ್ಯಾಶ್ ಕಾರ್ಡು, ಬಣ್ಣ ಬಣ್ಣದ ವರ್ಕ್‌ಶೀಟು ಎಲ್ಲ ತರಿಸಿದೆ. ಟೈಮ್‌ಟೇಬಲ್ ಬೇರೆ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ, ಹತ್ತರಿಂದ ಹತ್ತೂವರೆ ಅಂಕಿ, ಹತ್ತೂವರೆಯಿಂದ ಹನ್ನೊಂದು ಅಕ್ಷರ ಅಂತ. ನಾಲ್ಕು ದಿನ ನಡೆಯಿತು. ಐದನೇ ದಿನ ಅವನೂ ಅತ್ತ, ನಾನೂ ಅತ್ತೆ. ಜುಲೈ ಮುಗಿಯುವಷ್ಟರಲ್ಲಿ ಕಾರ್ಡುಗಳಿಗೆ ಬೂಷ್ಟು ಬಂದು ಆನೆ ಯಾವುದು ಎಮ್ಮೆ ಯಾವುದು ಗೊತ್ತಾಗದ ಹಾಗೆ ಆಗಿತ್ತು. ಒಲೆಗೆ ಹಾಕಿದೆ.

ಆಮೇಲೆ ಆಗಿದ್ದು ಪ್ಲಾನ್ ಮಾಡಿ ಆಗಿದ್ದಲ್ಲ. ನಮ್ಮ ಮಾವ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ರೈನ್ ಗೇಜ್ ನೋಡಿ, ಮಳೆ ಎಷ್ಟು ಬಂತು ಅಂತ ಒಂದು ಉದ್ದದ ಪುಸ್ತಕದಲ್ಲಿ ಬರೆದಿಡುತ್ತಾರೆ. ತೋಟ ಇರುವ ಮನೆಗಳಲ್ಲಿ ಇದು ಮಾಮೂಲಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವಾಗ ಬಂತು, ಅದಾದ ಮೇಲೆ ಕಾಯಿ ನಿಲ್ಲೋಕೆ ಬೇಕಾದ ಮಳೆ ಬಂತಾ ಇಲ್ಲವಾ ಅನ್ನುವುದರ ಮೇಲೆ ಕಾಫಿ ಫಸಲು ನಿಂತಿದೆ. ಪೇಪರ್‌ನಲ್ಲಿ ಮಿಲಿಮೀಟರ್ ಹಾಕಿದರೂ ನಮ್ಮಲ್ಲಿ ಈಗಲೂ ಮಾತು ಇಂಚು, ಸೆಂಟಿನಲ್ಲೇ. ನೂರು ಸೆಂಟು ಸೇರಿದರೆ ಒಂದು ಇಂಚು. ಒಂದು ದಿನ ಮಾವನಿಗೆ ಮಂಡಿನೋವು ಜಾಸ್ತಿ ಇತ್ತು. ಜಾರುವ ಮೆಟ್ಟಿಲು ಇಳಿಯೋದು ಬೇಡ ಅಂತ ನಾನೇ ಮಗನಿಗೆ ಗೊರಬೆ (ಮಳೆಗೆ ತಲೆ, ಬೆನ್ನು ಮುಚ್ಚುವ ಹೊದಿಕೆ) ಹಾಕಿ ಕಳಿಸಿದೆ. ಅವತ್ತಿನಿಂದ ಆ ಕೆಲಸ ಅವನದೇ ಆಯಿತು. ಆಗ ಒಂದನೇ ಕ್ಲಾಸು, ಈಗ ನಾಲ್ಕು.

ಗೇಜ್ ಒಳಗೆ ಸೇರಿದ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡಬೇಕು. ನಮ್ಮ ಮನೆಯ ಗ್ಲಾಸಿನಲ್ಲಿ ಒಂದು ಸಲಕ್ಕೆ ಐವತ್ತು ಸೆಂಟು ಮಾತ್ರ ಅಳೆಯಬಹುದು. ದೊಡ್ಡ ಮಳೆ ಬಂದರೆ ಗ್ಲಾಸು ತುಂಬಿಸಬೇಕು, ಚೆಲ್ಲಬೇಕು, ಮತ್ತೆ ತುಂಬಿಸಬೇಕು. ಐವತ್ತು, ಐವತ್ತು, ಐವತ್ತು, ಕೊನೆಗೆ ಮೂವತ್ತೈದು. ಮೊದಮೊದಲು ಎಷ್ಟು ಸಲ ಚೆಲ್ಲಿದೆ ಅನ್ನೋದೇ ಮರೆತುಹೋಗುತ್ತಿತ್ತು. ಅಜ್ಜ ಬೈಯಲಿಲ್ಲ, ಒಂದು ಸಲ ಚೆಲ್ಲಿದರೆ ಒಂದು ಕಾಫಿಬೀಜ ಮೆಟ್ಟಿಲ ಮೇಲೆ ಇಡು ಅಂದರು. ಅಷ್ಟೇ. ಕೂಡೋದು ಅಂದರೆ ಏನು ಅಂತ ನಾನು ವರ್ಕ್‌ಶೀಟಿನಲ್ಲಿ ಒಂದು ತಿಂಗಳು ತಿಣುಕಿದ್ದು ಆ ಮೆಟ್ಟಿಲ ಮೇಲೆ ಒಂದು ವಾರದಲ್ಲಿ ಆಗಿಹೋಯಿತು.

ಮೂರನೇ ಕ್ಲಾಸಿಗೆ ಬಂದಾಗ ಪುಸ್ತಕದಲ್ಲೂ ಅವನೇ ಬರೆಯಲು ಶುರು ಮಾಡಿದ. ಒಂದು ಬೆಳಿಗ್ಗೆ 1.5 ಅಂತ ಬರೆದಿದ್ದ. ಮಾವ ಕನ್ನಡಕ ಏರಿಸಿಕೊಂಡು ನೋಡಿ, "ನಿನ್ನೆ ಒಂದೂವರೆ ಇಂಚು ಎಲ್ಲಿ ಬಂತೋ ಮಗ? ನಾನು ರಾತ್ರಿ ಎಲ್ಲ ಎಚ್ಚರ ಇದ್ದೆ" ಅಂದರು. "ಇಲ್ಲ ಅಜ್ಜ, ಒಂದು ಇಂಚು, ಐದು ಸೆಂಟು. ಒಂದು, ಚುಕ್ಕಿ, ಐದು." ಅವನ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ನಾನು ಜಾಣತನ ತೋರಿಸಲು ಹೋಗಿ, ಒಂದು ರೂಪಾಯಿ ಐದು ಪೈಸೆ ಹೇಗೆ ಬರೀತೀವಿ ಅಂತ ಶುರು ಮಾಡಿದೆ. "ಪೈಸೆ ಅಂದ್ರೆ ಏನಮ್ಮ?" ಅಂದ. ಹೌದಲ್ವಾ, ಈ ಮಕ್ಕಳು ಪೈಸೆ ಎಲ್ಲಿ ನೋಡಿದ್ದಾರೆ!

ಮಾವ ಏನೂ ಹೇಳದೆ ಗ್ಲಾಸಿಗೆ ಐದರ ಗೆರೆವರೆಗೆ ನೀರು ಹಾಕಿಸಿದರು. ತಳದಲ್ಲಿ ಸ್ವಲ್ಪವೇ ನೀರು. ಆಮೇಲೆ ಐವತ್ತರ ಗೆರೆವರೆಗೆ ಹಾಕಿಸಿದರು, ಗ್ಲಾಸು ಪೂರ್ತಿ. "ಇದರಲ್ಲಿ ನೀನು ಬರೆದಿದ್ದು ಯಾವುದು?" ಹುಡುಗ ಒಂದು ನಿಮಿಷ ಗ್ಲಾಸನ್ನೇ ನೋಡುತ್ತಾ ನಿಂತ. ಆಮೇಲೆ ಓಡಿಹೋಗಿ ರಬ್ಬರ್ ತಂದು, ಚುಕ್ಕಿಯಾದ ಮೇಲೆ ಒಂದು ಸೊನ್ನೆ ಸೇರಿಸಿದ. ಬಾಯಿಬಿಟ್ಟು ಯಾರೂ ಏನೂ ವಿವರಿಸಲಿಲ್ಲ. ನನಗೆ ನಾಲಿಗೆ ತುರಿಸುತ್ತಿತ್ತು, ನಿಜ ಹೇಳುತ್ತೇನೆ.

ಈಗ ಪೇಪರ್‌ನ ಮಿಲಿಮೀಟರನ್ನು ಅವನೇ ಇಂಚು ಮಾಡಿಕೊಳ್ಳುತ್ತಾನೆ. ಇಂಚಿಗೆ 25.4, ಅವನ ಬಾಯಿಲೆಕ್ಕಕ್ಕೆ ಇಪ್ಪತ್ತೈದು. ಹಳೆ ಪುಟ ತಿರುವಿ ಹಾಕುವುದೂ ಒಂದು ಚಟವಾಗಿದೆ. ಹಾಗೆ ತಿರುವುತ್ತಾ 2018ರ ಆಗಸ್ಟ್ ಸಿಕ್ಕಿತು. ನಡುವೆ ನಾಲ್ಕು ದಿನ ಖಾಲಿ. ಅಜ್ಜ ಯಾಕೆ ಬರೆದಿಲ್ಲ ಅಂತ ಕೇಳಿದ. ಆ ವರ್ಷ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದು, ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಬಿರುಕು ಬಿಟ್ಟಿದೆ ಅಂತ ನಾವು ರಾತ್ರೋರಾತ್ರಿ ಕುಶಾಲನಗರದ ನೆಂಟರ ಮನೆಗೆ ಹೋಗಿದ್ದು, ಅವನು ಆಗ ಎರಡು ವರ್ಷದ ಮಗು, ಎಲ್ಲ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಮಳೆ ಯಾರೂ ಅಳೆದೇ ಇಲ್ಲ" ಅಂದ. ಪೆನ್ಸಿಲ್‌ನಲ್ಲಿ ಆ ನಾಲ್ಕು ಜಾಗಕ್ಕೆ ಸುತ್ತು ಹಾಕಿಟ್ಟಿದ್ದಾನೆ.

ಪುಟ್ಟಿಗೆ ಈಗ ನಾಲ್ಕು ವರ್ಷ. ಅವಳ ಕ್ಲಾಸು ನಡೆಯೋದು ಅಡುಗೆಮನೆಯಲ್ಲಿ, ಅದರಲ್ಲೂ ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ ಮಾಡುವ ದಿನ. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು. ಲೋಟ ಎಣಿಸಿ ಹಾಕುವುದು ಅವಳು. ಒಲೆ ಹತ್ತಿರದ ಕೆಲಸ ನನ್ನದು. ಬೆಂದ ತರಿ ಕೈಗೆ ಹಿಡಿಸುವಷ್ಟು ಆರಿದ ಮೇಲೆ ಅವಳ ಮುಂದೆ ತಟ್ಟೆ ಇಡುತ್ತೇನೆ, ಪಕ್ಕದಲ್ಲಿ ಕೈ ಒದ್ದೆ ಮಾಡಿಕೊಳ್ಳಲು ಒಂದು ಬಟ್ಟಲು ನೀರು. ಮೊದಲ ಸಲ ಮಾಡಿದ್ದು ಉಂಡೆಯಲ್ಲ, ಹಿಂಡಿ ಹಿಂಡಿ ಹಪ್ಪಳ. ಎರಡು ಅಂಗೈ ನಡುವೆ ಹಗುರವಾಗಿ ಉರುಳಿಸಬೇಕು, ಎಷ್ಟು ಒತ್ತಬೇಕು ಎಷ್ಟು ಬಿಡಬೇಕು ಅನ್ನೋದು ಹೇಳಿಕೊಟ್ಟು ಬರುವುದಲ್ಲ. ಸುಮಾರು ತಿಂಗಳು ಹಿಡಿಯಿತು. ಅದೇ ಬೆರಳುಗಳು ಈಗ ಗುಂಡಿ ಹಾಕಿಕೊಳ್ಳುತ್ತವೆ, ಬಳಪ ಸರಿಯಾಗಿ ಹಿಡಿಯುತ್ತವೆ. ಬರವಣಿಗೆ ಶುರು ಮಾಡಿಸುವ ಮೊದಲು ಬೆರಳಿಗೆ ಕಸುವು ಬರಬೇಕು ಅಂತ ನಮ್ಮ ಅಂಗನವಾಡಿ ಟೀಚರ್ ಹೇಳುತ್ತಲೇ ಇದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೊನ್ನೆ ಇಪ್ಪತ್ತೆರಡು ಉಂಡೆ ಆಯಿತು. ಮನೆಯಲ್ಲಿ ಐದು ಜನ. ಅಣ್ಣ ಲೆಕ್ಕ ಹಾಕಿ ತಲೆಗೆ ನಾಲ್ಕು, ಇನ್ನೆರಡು ಉಳಿಯುತ್ತದೆ ಅಂದ. ಉಳಿದ ಎರಡು ಯಾರದು ಅನ್ನುವ ವಿಷಯಕ್ಕೆ ಪುಟ್ಟಿಗೆ ಯಾವ ಅನುಮಾನವೂ ಇರಲಿಲ್ಲ.

ಎಲ್ಲ ಚೆಂದವಾಗಿಯೇ ನಡೆದಿದೆ ಅಂದುಕೊಳ್ಳಬೇಡಿ. ಅವಳಿಗೆ ಎರಡೂವರೆ ವರ್ಷ ಇದ್ದಾಗ, ಒಣಗಿದ ಕಾಳುಮೆಣಸಿನ ದಂಟು ಬೇರೆ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಕಾಳು ಆ ಬಟ್ಟಲಿಗೆ, ದಂಟು ಈ ಬಟ್ಟಲಿಗೆ. ಎಷ್ಟು ಚೆನ್ನಾಗಿ ಆರಿಸುತ್ತಾಳೆ ಅಂತ ವಿಡಿಯೋ ಮಾಡಿ ತಂಗಿಗೆ ಕಳಿಸಲು ಫೋನ್ ನೋಡುತ್ತಿದ್ದೆ, ಆ ಅರ್ಧ ನಿಮಿಷದಲ್ಲಿ ಒಂದು ಕಾಳು ಮೂಗಿನೊಳಗೆ ಹೋಯಿತು. ಕಿರುಚಾಟ, ಜೀಪು, ಡಾಕ್ಟರು ಚಿಮಟದಲ್ಲಿ ತೆಗೆದರು. ಮಾವ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಸರಿಯೇ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಬೀಜ, ಗುಂಡಿ ಕೊಡಲೇಬೇಡಿ. ಆರಿಸುವ ಆಟ ಆಡಿಸಲೇಬೇಕಾದರೆ ಆಲೂಗಡ್ಡೆ, ಈರುಳ್ಳಿ, ಚಮಚ ಸಾಕು. ಒಗೆದ ಸಾಕ್ಸ್ ಜೋಡಿ ಮಾಡಿಸುವುದು ಇನ್ನೂ ಒಳ್ಳೆಯದು, ನಿಮ್ಮ ಕೆಲಸವೂ ಆಯಿತು.

ಓದುವ ವಿಷಯಕ್ಕೆ ನಾನು ಜಾಸ್ತಿ ಏನೂ ಮಾಡಿಲ್ಲ. ಮಗನ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರರವರೆಗೆ ನಲಿ-ಕಲಿ ಇತ್ತು, ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ಪದ್ಧತಿ, 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅಕ್ಷರ ಅಲ್ಲೇ ಬಂತು. ಮನೆಯಲ್ಲಿ ಅಕ್ಕಿ ಚೀಲ, ಗೊಬ್ಬರದ ಚೀಲ, ಬಸ್ಸಿನ ಬೋರ್ಡು ಓದಿಸಿದ್ದಷ್ಟೇ. ಕರೆಂಟ್ ಇಲ್ಲದ ರಾತ್ರಿ ಅತ್ತೆ ಒಗಟು ಹೇಳುತ್ತಾರೆ. ಈಗ ಮಗನೂ ಕಟ್ಟುತ್ತಾನೆ: "ಅಂಗಳದಲ್ಲಿ ಬಾಯಿ ತೆರೆದು ನಿಂತಿರುತ್ತೆ, ಮಳೆ ಬಂದರೆ ಮಾತ್ರ ಊಟ, ಏನದು?" ಗೊತ್ತಾಯಿತಲ್ವಾ.

ಕಕ್ಕಡ 18ರ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದ ಕಥೆ ಹೇಳದೆ ಬಿಡಲಾರೆ. ಆಗಸ್ಟ್ ಮೊದಲ ವಾರದಲ್ಲಿ ಬರುತ್ತದೆ, ಅವತ್ತು ಮದ್ದುಸೊಪ್ಪಿನ ರಸ ಹಾಕಿ ಪಾಯಸ ಮಾಡುತ್ತೇವೆ, ಒಳ್ಳೆ ನೇರಳೆ ಬಣ್ಣ. ತಿಂದವರ ಮೂತ್ರ ಮಾರನೇ ದಿನ ಕೆಂಪಾಗುತ್ತದೆ, ಗಾಬರಿ ಬೇಡ, ಆ ಸೊಪ್ಪೇ ಹಾಗೆ. ಹೋದ ವರ್ಷ ಮಗ ಒಂದು ಹಾಳೆಗೆ ಗೆರೆ ಎಳೆದು, ಯಾರು ಎಷ್ಟು ಬಟ್ಟಲು ತಿಂದರು, ಬಣ್ಣ ಬಂತಾ, ತಿಳಿಯೋ ಗಾಢವೋ ಅಂತ ಮನೆಯವರನ್ನೆಲ್ಲ ಕೇಳಿ ಬರೆದ. ಬೆಂಗಳೂರಿನಿಂದ ಬಂದಿದ್ದ ನನ್ನ ಭಾವನನ್ನೂ ಬಾತ್‌ರೂಮ್ ಬಾಗಿಲಲ್ಲೇ ಕಾದು ಹಿಡಿದ. ಎರಡು ಬಟ್ಟಲು ತಿಂದವರಿಗೆಲ್ಲ "ಗಾಢ" ಅಂತ ಬಂದಿತ್ತು. ಅತ್ತೆ ಉತ್ತರ ಕೊಡಲು ಒಪ್ಪದ್ದಕ್ಕೆ ಅವರ ಹೆಸರಿನ ಮುಂದೆ ಒಂದು ಅಡ್ಡಗೆರೆ.

ಇದೆಲ್ಲ ಮಾಡಲು ಬೇಕಾಗಿದ್ದು ಸಮಯ, ನಾನು ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ನಿಮಿಷದ ಅಡುಗೆ ಒಂದು ಗಂಟೆ ಆಗುತ್ತದೆ. ಕಾಫಿ ಕುಯ್ಲಿನ ಸಮಯದಲ್ಲಿ, ಜನವರಿಯಲ್ಲಿ, ನನ್ನ ಕೈಲಿ ಆಗುವುದಿಲ್ಲ, ಆಗ ಟಿವಿ ಓಡುತ್ತದೆ. ಮಳೆಗಾಲದಲ್ಲಿ ಹೇಗೂ ಎಲ್ಲೂ ಹೋಗುವ ಹಾಗಿಲ್ಲವಲ್ಲ.

ಈ ಜೂನ್‌ನಲ್ಲಿ ಪುಟ್ಟಿಗೂ ಗೇಜ್ ಬೇಕು ಅಂತ ಹಠ. ಒಂದು ಸ್ಟೀಲ್ ಲೋಟ ಕೊಟ್ಟೆ, ಅವಳು ಅದನ್ನು ಒಯ್ದು ಹೆಂಚಿನ ನೀರು ಬೀಳುವ ಕಡೆ ಇಟ್ಟಳು. ಬೆಳಿಗ್ಗೆ ಅಣ್ಣನದು ಎರಡು ಇಂಚು ಹತ್ತು ಸೆಂಟು, ಇವಳ ಲೋಟ ತುಂಬಿ ಹರಿಯುತ್ತಿದೆ. "ನಂದೇ ಜಾಸ್ತಿ!" ಅದು ಮಾಡಿನ ನೀರು ಕಣೆ, ಮೋಸ ಅಂತ ಅವನು. ಮಳೆ ನೀರೇ ಅಲ್ವಾ ಅಂತ ಅವಳು. ಅರ್ಧ ಗಂಟೆ ಜಗಳ. ಕೊನೆಗೆ ಒಂದು ದಿನ ಮಾಡಿನ ಕೆಳಗೆ, ಒಂದು ದಿನ ಬಯಲಲ್ಲಿ ಇಟ್ಟು ನೋಡೋಣ ಅಂತ ರಾಜಿ ಆಯಿತು. ಎರಡನೇ ದಿನ ನಾಯಿ ಲೋಟ ಉರುಳಿಸಿತು, ಹಾಗಾಗಿ ಇನ್ನೂ ತೀರ್ಮಾನ ಆಗಿಲ್ಲ.