ಗೋದಾಮಿನ ಹಳೆಯ ಡಬ್ಬ ಮತ್ತು ಸಿಲ್ವರ್ ಮರದ ಸರ್ಪಹದ್ದು

ಮೂಡಿಗೆರೆಯ ಹತ್ತಿರ ನಮ್ಮದು ಹನ್ನೆರಡು ಎಕರೆ ಅರೇಬಿಕಾ ಕಾಫಿ ತೋಟ. ತೋಟದ ಅಂಚಿನ ಸಿಲ್ವರ್ ಮರಗಳಲ್ಲಿ ಒಂದು ಜೋಡಿ ಸರ್ಪಹದ್ದು ಇವೆ. ಬಿಸಿಲೇರುವ ಹೊತ್ತಿಗೆ ಅವುಗಳ ಸಿಳ್ಳೆ ಕೇಳದಿದ್ದರೆ ಮನಸ್ಸು ತಳಮಳಿಸುತ್ತದೆ. ನಮ್ಮ ವಿಷ ಅವುಗಳ ಮೈ ಸೇರದಂತೆ ನಾನು ಏನೇನು ಮಾಡುತ್ತೇನೆ ಎಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿದೆ.

ಮೊದಲು ಗೋದಾಮು ನೋಡಿ. ಅಪ್ಪ ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ಬಿ.ಎಚ್.ಸಿ. ಎಂಬ ಹಳೆಯ ಕೀಟನಾಶಕ ಪುಡಿಯ ಡಬ್ಬವೊಂದು ಸಿಕ್ಕಿತು. ತಳ ತುಕ್ಕು ಹಿಡಿದು ಹಲಗೆಯ ಮೇಲೆ ಬಿಳಿ ಪುಡಿ ಉದುರಿತ್ತು, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಹಿಂದೆ ಬೋರರ್‌ಗೆಂದು, ಅಂದರೆ ಕಾಫಿ ಕಾಂಡ ಕೊರೆಯುವ ದುಂಬಿಗೆಂದು, ಕಾಂಡಗಳಿಗೆ ಬಳಿಯುತ್ತಿದ್ದುದು ಇದನ್ನೇ. ಬಿ.ಎಚ್.ಸಿ.ಗೆ 1997ರಲ್ಲಿ, ಅದರದೇ ಶುದ್ಧ ರೂಪವಾದ ಲಿಂಡೇನ್‌ಗೆ 2013ರಲ್ಲಿ ನಿಷೇಧ ಬಂತು. ಇಂಥದ್ದು ಸಿಕ್ಕರೆ ಹೂಳಬೇಡಿ, ಸುಡಬೇಡಿ, ಹಳ್ಳಕ್ಕಂತೂ ಸುರಿಯಲೇಬೇಡಿ. ಕೈಗವಸು, ಮುಖಗವಸು ಹಾಕಿಕೊಂಡು ಡಬ್ಬವನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಟ್ಟು, ಹೊರಗೆ ಹೆಸರು ಬರೆದು, ಬೀಗ ಹಾಕಿ. ಬಳಿಕ ಕೃಷಿ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ.

ಇಷ್ಟೊಂದು ಜಾಗ್ರತೆ ಏಕೆಂದರೆ, ಈ ಜಾತಿಯ ವಿಷ ಕೊಬ್ಬಿನಲ್ಲಿ ಕರಗಿ ಅಲ್ಲೇ ಉಳಿಯುತ್ತದೆ. ಹುಳುವನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು ತಿನ್ನುತ್ತಾ ಹೋದಂತೆ ಒಂದೊಂದು ಹಂತದಲ್ಲೂ ಅದು ಹೆಚ್ಚುತ್ತದೆ. ಇದೇ ಜಾತಿಯ ಇನ್ನೊಂದು ಕೀಟನಾಶಕ ಡಿಡಿಟಿ ಮೈಯೊಳಗೆ ಡಿಡಿಇ ಎಂಬ ವಸ್ತುವಾಗಿ ಬದಲಾಗಿ ಮೊಟ್ಟೆಯ ಚಿಪ್ಪನ್ನೇ ತೆಳುವಾಗಿಸುತ್ತದೆ. ಬ್ರಿಟನ್ನಿನ ಪೆರೆಗ್ರಿನ್ ಗಿಡುಗಗಳ ಹಳೆಯ ಮೊಟ್ಟೆಗಳನ್ನು ಹೊಸವುಗಳ ಜೊತೆ ಹೋಲಿಸಿ ವಿಜ್ಞಾನಿ ಡೆರೆಕ್ ರ್‍ಯಾಟ್‌ಕ್ಲಿಫ್ 1967ರಲ್ಲಿ ಚಿಪ್ಪು ತೆಳುವಾಗಿರುವುದನ್ನು ತೋರಿಸಿದರು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಬೋರರ್‌ಗೆ ಏನು ಮಾಡುವುದು? ದುಂಬಿ ಹಾರುವುದು ಏಪ್ರಿಲ್–ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೂ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಎಲೆ ಹಳದಿಯಾಗಿ ಕಾಂಡದ ಮೇಲೆ ಏಣು ಎದ್ದ ಗಿಡಗಳನ್ನು ಹುಡುಕಿ, ಬೇರು ಸಮೇತ ಕಿತ್ತು ಸುಟ್ಟುಬಿಡಿ. ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಆದ್ದರಿಂದ ಮುಖ್ಯ ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಸಿ. ಒಳಗಿನ ಹಸಿರು ಪದರಕ್ಕೆ ಗಾಯವಾಗಬಾರದು. ಆಮೇಲೆ 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಕಲಸಿ ಬಳಿಸಿ. ಆಳು ಹೆಚ್ಚು ಬೇಕಾಗುತ್ತದೆ, ನಿಜ. ನೆರಳು ಚೆನ್ನಾಗಿದ್ದರೆ ಕೆಲಸ ಅರ್ಧ ಹಗುರ. ಬಿಸಿಲು ಬೀಳುವ ಜಾಗವೇ ಈ ದುಂಬಿಗೆ ಇಷ್ಟ.

ಇಲಿಗೆ ಬೋನು ಇಡಿ. ಬ್ರೋಮಡಿಯೋಲೋನ್ ಎಂಬ ಇಲಿಪಾಷಾಣದ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ತೂರಾಡುತ್ತಾ ಬಯಲಿಗೆ ಬರುತ್ತದೆ, ಗೂಬೆಗೆ ಸುಲಭದ ತುತ್ತಾಗುತ್ತದೆ. ಆ ವಿಷ ಗೂಬೆಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಮನೆಯಲ್ಲಿ ಯಾರಾದರೂ ಈಗಾಗಲೇ ಬಿಲ್ಲೆ ಇಟ್ಟಿದ್ದರೆ, ದಿನವೂ ಬೆಳಿಗ್ಗೆ ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಿ.

ಸತ್ತ ಹದ್ದೋ ಗೂಬೆಯೋ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಫೋಟೋ ತೆಗೆದು, ಜಾಗ, ಹೊತ್ತು, ಹತ್ತಿರದಲ್ಲಿ ಯಾವಾಗ ಯಾವ ಔಷಧಿ ಹೊಡೆದಿತ್ತು ಎಂಬುದನ್ನು ಬರೆದಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಆ ದೇಹ ಸರ್ಕಾರದ್ದು. ಒಂದು ಗರಿಯನ್ನೂ ಮನೆಗೆ ತರುವಂತಿಲ್ಲ. ಪರೀಕ್ಷೆಗೆ ಕಳುಹಿಸುವಂತೆ ಕೇಳಿಕೊಳ್ಳಿ. ಮಾದರಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಲು ಪಶುವೈದ್ಯರಿಗೆ ನೆನಪಿಸಿ.